ಸಹಾಯ ಬೇಕು: ಎಂಟನೇ ಕ್ಲಾಸಿಗೆ ಸುಳ್ಳು ಫಾರ್ವರ್ಡ್‌ಗಳು
ಎಲ್ಲರಿಗೂ ನಮಸ್ಕಾರ. ಅಂಕೋಲಾ ಕಡೆಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸ್ತೇನೆ. ಹೋದ ವಾರದ ಮಳೆಯಲ್ಲಿ ರಾತ್ರಿ ವಾಟ್ಸಾಪ್ ತುಂಬ ‘ನಾಳೆ ಶಾಲೆಗೆ ರಜೆ’ ಆದೇಶ ಓಡಾಡಿತು. ಬೆಳಿಗ್ಗೆ ನೋಡಿದರೆ ನನ್ನ ಎಂಟನೇ ಕ್ಲಾಸಿನಲ್ಲಿ ಒಂಬತ್ತೇ ಮಕ್ಕಳು! ಅದು ಹಿಂದಿನ ವರ್ಷದ ಆದೇಶ, ದಿನಾಂಕ ಮಾತ್ರ ತಿದ್ದಿದ್ದು. (ಸುಳ್ಳೇಕೆ, ಎರಡು ನಿಮಿಷ ನಾನೂ ನಂಬಿದ್ದೆ.)

ಇದನ್ನೇ ಪಾಠ ಮಾಡುವ ಅಂತ. ಸಂವಿಧಾನದ 51ಎ ವಿಧಿಯಲ್ಲಿ ವೈಜ್ಞಾನಿಕ ಮನೋಭಾವ, ಪ್ರಶ್ನಿಸಿ ತಿಳಿಯುವ ಗುಣ ಬೆಳೆಸಿಕೊಳ್ಳುವುದೂ ನಾಗರಿಕರ ಕರ್ತವ್ಯ. ಮಕ್ಕಳು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡ್ತಾರೆ, ಫೋನು ಹಿಡಿದಾಗ ನೆನಪಾಗುವುದಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930, ನಮ್ಮ ಅಂಕೋಲೆಯ ಉಪ್ಪಿನ ಸತ್ಯಾಗ್ರಹ ನಡೆದದ್ದೂ 1930ರಲ್ಲೇ. ನಂಬರು ಮರೆಯದಿರಲು ಇಷ್ಟು ಸಾಕು.

ನಿಮ್ಮ ಫೋನಿಗೆ ಬಂದ ಕನ್ನಡದ ಸುಳ್ಳು ಫಾರ್ವರ್ಡ್‌ಗಳ ಸ್ಕ್ರೀನ್‌ಶಾಟ್ ಬೇಕು. ಹೆಸರು, ನಂಬರು ಅಳಿಸಿ ಕಳಿಸಿ. ಶಾಲೆಯಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೇ, ಪ್ರಿಂಟ್ ತೆಗೆದೇ ತೋರಿಸ್ತೇನೆ. ಸತ್ಯಾಗ್ರಹದ ಕತೆ ಅಜ್ಜ-ಅಜ್ಜಿಯರ ಬಾಯಲ್ಲಿ ಕೇಳಿದವರು ಒಂದು ಶನಿವಾರ ಬರ್ತೀರಾ? ಬ್ಯಾಂಕಿನಲ್ಲಿರುವ ಯಾರಾದರೂ ಒಟಿಪಿ ಬಗ್ಗೆ ಅರ್ಧ ತಾಸು ಮಾತಾಡಿದರೂ ಉಪಕಾರ. ಇನ್‌ಬಾಕ್ಸಿಗೆ ಬನ್ನಿ.