ಐದನೇ ಸೆಮಿಸ್ಟರಿನ ನಂತರ ಕಾಣೆಯಾಗುವ ಹೆಸರುಗಳು

ಉಪನ್ಯಾಸಕಿ, ಹಾವೇರಿ ಜಿಲ್ಲೆ:
ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಹನ್ನೊಂದು ವರ್ಷಗಳಿಂದ ಅರ್ಥಶಾಸ್ತ್ರ ಪಾಠ ಮಾಡುತ್ತಿರುವ ನನಗೆ, ಹೆಣ್ಣುಮಕ್ಕಳ ಉನ್ನತ ಶಿಕ್ಷಣದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಮಾತಿಗೂ ನನ್ನ ಹಾಜರಿ ಪುಸ್ತಕಕ್ಕೂ ತಾಳೆಯಾಗುವುದಿಲ್ಲ. ಬಿ.ಎ. ಮೊದಲ ಸೆಮಿಸ್ಟರಿನಲ್ಲಿ ಮೂರು ಹೆಸರುಗಳ ಪೈಕಿ ಎರಡು ಹುಡುಗಿಯರವೇ. ಐದನೇ ಸೆಮಿಸ್ಟರಿನ ಪರೀಕ್ಷೆ ಮುಗಿದು ಮಾಘದ ಮುಹೂರ್ತಗಳು ಶುರುವಾಗುತ್ತಿದ್ದಂತೆ ಮುಂದಿನ ಸಾಲಿನ ಬೆಂಚುಗಳು ಒಂದೊಂದಾಗಿ ಖಾಲಿಯಾಗುತ್ತವೆ. ಕಳೆದ ವರ್ಷ ಸ್ಟಾಫ್ ರೂಮಿನ ನನ್ನ ಮೇಜಿನ ಗಾಜಿನ ಕೆಳಗೆ ವಿದ್ಯಾರ್ಥಿನಿಯರದೇ ಏಳು ಲಗ್ನಪತ್ರಿಕೆಗಳಿದ್ದವು. ಅವರ ಹೆಸರಿನ ಮುಂದೆ ಕೆಂಪು ಶಾಯಿಯಲ್ಲಿ ‘ದೀರ್ಘ ಗೈರು’ ಎಂದು ಬರೆಯುತ್ತೇವೆ. ಕಾರಣ ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಬಸ್ಸಿನ ಖರ್ಚು ತಪ್ಪಿದೆ, ಹಳ್ಳಿಗಳಿಂದ ಬರುವವರು ಹೆಚ್ಚಿದ್ದಾರೆ. ಸೇರಿಸಿಕೊಳ್ಳುವುದು ನಮಗೀಗ ಕಷ್ಟವಾಗಿಲ್ಲ. ಸೇರಿದವಳು ಪದವಿ ಕೈಯಲ್ಲಿ ಹಿಡಿದು ಹೊರಗೆ ಹೋಗುವಂತೆ ಮಾಡಲು ಕಾಲೇಜುಗಳು ಏನು ಮಾಡಬಹುದು ಎಂಬುದನ್ನು ಇಲ್ಲಿ ಚರ್ಚಿಸೋಣ.

ಅಂಕಿಅಂಶ ಓದುವವ, ಬೆಂಗಳೂರು:
ಮೇಡಂ, ಒಂದು ಕಾಲೇಜಿನ ಅನುಭವವನ್ನು ಇಡೀ ನಾಡಿಗೆ ಹಿಗ್ಗಿಸುವುದು ಸರಿಯೇ? 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಒಟ್ಟು 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಂದಿ ಮಹಿಳೆಯರು. 18ರಿಂದ 23 ವರ್ಷದವರ ಒಟ್ಟು ದಾಖಲಾತಿ ಅನುಪಾತ, ಅಂದರೆ ಆ ವಯಸ್ಸಿನ ನೂರು ಮಂದಿಗೆ ಉನ್ನತ ಶಿಕ್ಷಣದಲ್ಲಿರುವವರ ಲೆಕ್ಕ, ಹೆಣ್ಣುಮಕ್ಕಳಲ್ಲಿ 28.5, ಗಂಡುಮಕ್ಕಳಲ್ಲಿ 28.3. ಆ ವರ್ಷ ಉತ್ತೀರ್ಣರಾದವರಲ್ಲಿಯೂ ಅರ್ಧದಷ್ಟು ಮಹಿಳೆಯರೇ. ಹೀಗಿರುವಾಗ ಹುಡುಗಿಯರು ಮುಗಿಸುವುದಿಲ್ಲ ಎಂಬ ಮಾತಿಗೆ ಆಧಾರ ಕಡಿಮೆ. ನಿಜವಾದ ಕೊರತೆ ಇರುವುದು ಎಂಜಿನಿಯರಿಂಗ್‌ನಂತಹ ಕೋರ್ಸುಗಳಲ್ಲಿ. ಅದಕ್ಕಾಗಿಯೇ ಧಾರವಾಡವೂ ಸೇರಿದಂತೆ ಐಐಟಿಗಳಲ್ಲಿ 2018ರಿಂದ ಹುಡುಗಿಯರಿಗೆ ಹೆಚ್ಚುವರಿ ಸೀಟುಗಳನ್ನು ಸೃಷ್ಟಿಸಿ, ಅವರ ಪಾಲನ್ನು 20 ಶೇಕಡಾಕ್ಕೆ ಏರಿಸಲಾಯಿತು.

ಉಪನ್ಯಾಸಕಿ, ಹಾವೇರಿ ಜಿಲ್ಲೆ:
ನಿಮ್ಮ ಅಂಕಿಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಸಮೀಕ್ಷೆ ವರ್ಷ ವರ್ಷ ತಲೆ ಎಣಿಸುತ್ತದೆಯೇ ಹೊರತು, ಈ ವರ್ಷ ಸೇರಿದ ಒಬ್ಬ ಹುಡುಗಿಯ ಬೆನ್ನು ಹತ್ತಿ ಮೂರು ವರ್ಷಗಳ ನಂತರ ಅವಳೆಲ್ಲಿದ್ದಾಳೆ ಎಂದು ಕೇಳುವುದಿಲ್ಲ. ನಗರದ ಮಹಿಳಾ ಕಾಲೇಜಿನಲ್ಲಿ ಬಹುತೇಕ ಎಲ್ಲರೂ ಮುಗಿಸಿ, ನನ್ನ ತಾಲ್ಲೂಕಿನಲ್ಲಿ ಹಲವರು ಬಿಟ್ಟರೂ ನಿಮ್ಮ ಒಟ್ಟು ಲೆಕ್ಕ ಚೆನ್ನಾಗಿಯೇ ಕಾಣಬಹುದು.

ನಿವೃತ್ತ ಪ್ರಾಂಶುಪಾಲ, ಮೈಸೂರು:
ಇಬ್ಬರೂ ಒಂದು ವಿಷಯವನ್ನು ಬಿಟ್ಟಿದ್ದೀರಿ, ಅದು ಕ್ಯಾಲೆಂಡರ್. ಮೂರು ವರ್ಷದ ಪದವಿ ಮೂರು ವರ್ಷದಲ್ಲಿ ಮುಗಿಯಬೇಕಲ್ಲವೇ? ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಅದು ಹಾಗೆ ಮುಗಿದದ್ದು ಅಪರೂಪ. ಕೋವಿಡ್ ಬಂತು, ಸೆಮಿಸ್ಟರುಗಳು ಜಾರಿದವು. ಅದು ಸರಿಹೋಗುವ ಮೊದಲೇ 2023ರ ಕೊನೆಯಲ್ಲಿ ಅತಿಥಿ ಉಪನ್ಯಾಸಕರು ಸೇವಾ ಕಾಯಂಗೆ ಒತ್ತಾಯಿಸಿ ತರಗತಿ ಬಹಿಷ್ಕರಿಸಿದರು. ಅವರ ಬೇಡಿಕೆಯನ್ನು ನಾನು ತಪ್ಪೆನ್ನುವುದಿಲ್ಲ. ಸರ್ಕಾರಿ ಪದವಿ ಕಾಲೇಜುಗಳು ನಡೆಯುವುದೇ ಅವರಿಂದ. ಆದರೆ ಪರೀಕ್ಷೆ ಎರಡು ತಿಂಗಳು ಮುಂದೆ ಹೋದರೆ ಹುಡುಗ ಆ ಎರಡು ತಿಂಗಳು ಎಲ್ಲಾದರೂ ದುಡಿಯಲು ಹೋಗಿ, ಪರೀಕ್ಷೆಗೆ ಮರಳಿ ಬರುತ್ತಾನೆ. ಹುಡುಗಿಯ ಮನೆಯವರು ಮಾತ್ರ ‘ಜೂನ್‌ಗೆ ಓದು ಮುಗಿಯುತ್ತದೆ’ ಎಂಬ ಲೆಕ್ಕದಲ್ಲಿ ಮಾತುಕತೆ ಮುಗಿಸಿ ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಿರುತ್ತಾರೆ. ವಿಶ್ವವಿದ್ಯಾಲಯ ತನ್ನ ದಿನಾಂಕ ಬದಲಿಸಬಲ್ಲದು, ಪುರೋಹಿತರು ಬದಲಿಸುವುದಿಲ್ಲ.

ಇದರ ಮೇಲೆ ಪಠ್ಯಕ್ರಮದ ಗೊಂದಲ ಬೇರೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಪದವಿ ಬಂದು, ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಎಂದರು. ಅದನ್ನು ಹಲವರು ಸೌಲಭ್ಯವೆಂದು ಹೊಗಳಿದರೂ, ಹುಡುಗಿಯರ ಪಾಲಿಗೆ ಅದು ನಡುವೆ ಇಳಿಸಿಬಿಡುವ ನಿಲ್ದಾಣವಾಗುತ್ತದೆ ಎಂದು ನಾನು ಸಭೆಯೊಂದರಲ್ಲಿ ಹೇಳಿ ಬೈಸಿಕೊಂಡಿದ್ದೆ. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷಕ್ಕೆ ಮರಳಿತು. ನೀತಿ ಯಾವುದು ಮೇಲು ಎಂಬ ವಾದ ಬೇಡ. ನಡುವೆ ಬಿಟ್ಟುಹೋದವಳು ಮರಳಿ ಬಂದಾಗ ಅವಳು ಯಾವ ಪಠ್ಯಕ್ರಮದವಳು ಎಂದು ಹೇಳಲು ಗುಮಾಸ್ತರೇ ತಡಬಡಾಯಿಸುತ್ತಾರೆ.

ಎರಡು ಪೇಪರ್ ಉಳಿದವಳು:
ಹಿರಿಯರು ಹೇಳಿದ ಆ ಮರಳಿ ಬಂದವಳು ನಾನೇ ಎನ್ನಿಸಿ ಬರೆಯುತ್ತಿದ್ದೇನೆ. 2019ರಲ್ಲಿ ಬಿ.ಎಸ್ಸಿ. ಸೇರಿದೆ, ಆರನೇ ಸೆಮಿಸ್ಟರಿನಲ್ಲಿ ಮದುವೆಯಾಯಿತು. ಅತ್ತೆಯ ಮನೆಯವರು ಪರೀಕ್ಷೆ ಬೇಡವೆನ್ನಲಿಲ್ಲ. ಕೈಯ ಮದರಂಗಿ ಮಾಸುವ ಮೊದಲೇ ಹಾಲ್ ಟಿಕೆಟ್ ಹಿಡಿದು ಹೋಗಿ ಬರೆದೆ. ಭೌತಶಾಸ್ತ್ರ ಮತ್ತು ಗಣಿತದ ಒಂದೊಂದು ಪೇಪರ್ ಉಳಿದವು. ಮರುವರ್ಷ ಬರೆಯಬೇಕೆನ್ನುವಾಗ ಏಳು ತಿಂಗಳ ಬಸುರಿ. ಮಗುವಿಗೆ ಎರಡು ವರ್ಷ ತುಂಬಿದ ಮೇಲೆ ಕಾಲೇಜಿಗೆ ಹೋದರೆ, ನಿಮ್ಮ ಹಳೆಯ ಪಠ್ಯಕ್ರಮಕ್ಕೆ ಪ್ರತ್ಯೇಕ ಪ್ರಶ್ನೆಪತ್ರಿಕೆ ಬರಬೇಕು, ಯಾವಾಗ ಎಂದು ವಿಶ್ವವಿದ್ಯಾಲಯದಲ್ಲಿ ಕೇಳಿ ಎಂದರು. ಅಲ್ಲಿ ಕೇಳಿದರೆ ಕಾಲೇಜಿನ ಮೂಲಕ ಬನ್ನಿ ಎಂದರು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಾಲ್ಕು ಸಲ ಓಡಾಡಿದೆ, ಐದನೇ ಸಲ ಹೋಗಲಿಲ್ಲ. ಮೂರು ವರ್ಷದ ಕೋರ್ಸನ್ನು ಆರು ವರ್ಷದೊಳಗೆ ಮುಗಿಸಬೇಕೆಂಬ ನಿಯಮ ಇರುವುದು ನನಗೆ ಗೊತ್ತಾದದ್ದೇ ಆಮೇಲೆ. ಉಪನ್ಯಾಸಕಿ ಮೇಡಂ ಸಮೀಕ್ಷೆಯ ಬಗ್ಗೆ ಹೇಳಿದ್ದು ನಿಜ, ಅಂದಿನಿಂದ ಇಂದಿನವರೆಗೆ ಕಾಲೇಜಿನಿಂದ ಒಂದು ಫೋನ್ ಕೂಡ ಬಂದಿಲ್ಲ.

ಭತ್ತದ ರೈತ, ಸಿಂಧನೂರು:
ತಂದೆಯರನ್ನು ದೂರುವ ಮೊದಲು ನಮ್ಮ ಲೆಕ್ಕವನ್ನೂ ಕೇಳಿ. ಹಿರಿಯ ಮಗಳು ಬಿ.ಕಾಂ. ಓದುವಾಗ ಸಂಜೆಯ ಬಸ್ ನಾಲ್ಕೂವರೆಗೆ ಹೊರಟುಬಿಡುತ್ತಿತ್ತು, ಕೊನೆಯ ತರಗತಿ ಐದಕ್ಕೆ ಬಿಡುತ್ತಿತ್ತು. ಟಿಕೆಟ್ ಉಚಿತವಾದರೇನು, ಬಸ್ಸೇ ಇರಬೇಕಲ್ಲ. ಇನ್ನೊಂದು ಮಾತು, ಹುಡುಗಿ ಹೆಚ್ಚು ಓದಿದಷ್ಟೂ ಅವಳಿಗಿಂತ ಹೆಚ್ಚು ಓದಿದ ವರ ಬೇಕಾಗುತ್ತದೆ, ಅಂಥವನು ಕೇಳುವ ಮೊತ್ತವೂ ಹೆಚ್ಚುತ್ತದೆ. ವರದಕ್ಷಿಣೆ ಕಾನೂನುಬಾಹಿರ ಎಂದು ನೀವು ಹೇಳುತ್ತೀರಿ, ನನಗೂ ಗೊತ್ತಿದೆ. ಹೇಳಿದ್ದು ಊರಿನ ಸಂಗತಿ, ಒಪ್ಪಿಗೆಯಲ್ಲ. ಅವಳು ಪದವಿ ಮುಗಿಸಿಯೇ ಮದುವೆಯಾದಳು. ಕಿರಿಯವಳನ್ನು ಮಾತ್ರ ನಾನು ಪದವಿ ಮುಗಿಯುವವರೆಗೆ ಓದಿನಲ್ಲಿ ಉಳಿಸಿಕೊಳ್ಳಲಾರದೆ ಹೋದೆ.

ಅಂಕಿಅಂಶ ಓದುವವ, ಬೆಂಗಳೂರು:
ನನ್ನ ಮೊದಲ ಪ್ರತಿಕ್ರಿಯೆಯನ್ನು ತುಸು ತಿದ್ದಿಕೊಳ್ಳುತ್ತೇನೆ, ಪೂರ್ತಿ ಹಿಂಪಡೆಯುವುದಿಲ್ಲ. ಕಾನೂನಿನಿಂದ ಇದಕ್ಕೆ ಪರಿಹಾರ ಸಿಗದು. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರುವ ಕರ್ನಾಟಕದ 2016ರ ತಿದ್ದುಪಡಿ ಇಪ್ಪತ್ತು ವರ್ಷದ ಪದವಿ ವಿದ್ಯಾರ್ಥಿನಿಗೆ ಅನ್ವಯಿಸುವುದಿಲ್ಲ. ಮದುವೆಯ ವಯಸ್ಸನ್ನು 21ಕ್ಕೇರಿಸಲು 2021ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ಮಸೂದೆ ಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಹಣದಿಂದ ಸ್ವಲ್ಪ ಸಾಧ್ಯವಿದೆ. ಸರ್ಕಾರಿ ಶಾಲೆ, ಕಾಲೇಜಿನಲ್ಲಿ ಹತ್ತು ಮತ್ತು ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೊಡುವ ವಿದ್ಯಾರ್ಥಿವೇತನ ವರ್ಷಕ್ಕೆ 30,000 ರೂಪಾಯಿ, ಅದೂ ಕೋರ್ಸ್ ಮುಗಿಯುವವರೆಗೆ ಅವಳ ಖಾತೆಗೇ. ಪ್ರವೇಶದ ವೇಳೆ ಒಮ್ಮೆ ಕೊಟ್ಟು ಮರೆಯುವ ನೆರವಿಗಿಂತ ಈ ರೀತಿ ಮೇಲು.

ಉಪನ್ಯಾಸಕಿ, ಹಾವೇರಿ ಜಿಲ್ಲೆ:
ಹೌದು, ಅಂತಿಮ ವರ್ಷದಲ್ಲೂ ಖಾತೆಗೆ ಹಣ ಬರುವ ಹುಡುಗಿಗೆ ಮನೆಯಲ್ಲಿ ವಾದಿಸಲು ಒಂದು ಆಧಾರ ಸಿಗುತ್ತದೆ. ನಿಯಮಗಳ ಮಾತಿಗೆ ಬಂದರೆ, ಪಿಎಚ್.ಡಿ. ಮಾಡುವ ಮಹಿಳೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) ನಿಯಮಾವಳಿಯಲ್ಲೇ 240 ದಿನಗಳ ಹೆರಿಗೆ ಮತ್ತು ಶಿಶುಪಾಲನಾ ರಜೆ ಇದೆ, ಪ್ರಬಂಧ ಸಲ್ಲಿಸಲು ಎರಡು ವರ್ಷ ಹೆಚ್ಚುವರಿ ಅವಧಿಯೂ ಇದೆ. ಪದವಿ, ಸ್ನಾತಕೋತ್ತರ ವಿದ್ಯಾರ್ಥಿನಿಯರ ಬಗ್ಗೆ ಅದೇ ಯುಜಿಸಿ 2021ರ ಡಿಸೆಂಬರಿನಲ್ಲಿ ಪತ್ರ ಬರೆದು, ಹಾಜರಾತಿ ಮತ್ತು ಪರೀಕ್ಷಾ ಅರ್ಜಿಯ ದಿನಾಂಕದಲ್ಲಿ ವಿನಾಯಿತಿ ನೀಡುವ ನಿಯಮಗಳನ್ನು ನೀವೇ ರೂಪಿಸಿಕೊಳ್ಳಿ ಎಂದು ವಿಶ್ವವಿದ್ಯಾಲಯಗಳಿಗೆ ಬಿಟ್ಟಿತು. ಬಸುರಿಯಾದ ಬಿ.ಎ. ಹುಡುಗಿಗೆ ಆ ಪತ್ರದ ವಿಷಯ ಯಾರು ಹೇಳಬೇಕು? ನಾನೇ ಅದನ್ನು ಓದಿದ್ದು ಬಹಳ ತಡವಾಗಿ ಎಂದು ಒಪ್ಪಿಕೊಳ್ಳುತ್ತೇನೆ.

ಈ ವರ್ಷ ನಮ್ಮ ವಿಭಾಗದಿಂದ ಒಂದು ಕೆಲಸ ಆರಂಭಿಸುತ್ತಿದ್ದೇವೆ: ಕಳೆದ ಐದು ವರ್ಷಗಳ ‘ದೀರ್ಘ ಗೈರು’ ಹೆಸರುಗಳನ್ನು ಪಟ್ಟಿ ಮಾಡಿ, ಯಾರಿಗೆ ಎಷ್ಟು ಪೇಪರ್ ಉಳಿದಿವೆ, ಅವಧಿ ಎಂದು ಮುಗಿಯುತ್ತದೆ ಎಂದು ಗುರುತಿಸಿ ಫೋನ್ ಮಾಡುವುದು. ತವರಿನವರ ಸಂಖ್ಯೆ ಇರುವುದರಿಂದ ಎರಡು ಕರೆ ಬೇಕಾಗಬಹುದು.

ಎರಡು ಪೇಪರ್ ಉಳಿದ ತಂಗಿಗೆ ಒಂದು ಮಾತು. ಅವಧಿ ಮೀರಿದವರಿಗೂ ವಿಶ್ವವಿದ್ಯಾಲಯಗಳು ಆಗಾಗ ಒಂದು ಬಾರಿಯ ವಿಶೇಷ ಅವಕಾಶ ಕೊಡುವುದುಂಟು. ಎಲ್ಲ ಅಂಕಪಟ್ಟಿಗಳ ಪ್ರತಿಯೊಂದಿಗೆ ಮೌಲ್ಯಮಾಪನ ವಿಭಾಗದ ಕುಲಸಚಿವರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಕಡತ ಹುಟ್ಟುವುದಿಲ್ಲ.

ಎರಡು ಪೇಪರ್ ಉಳಿದವಳು:
ಅಂಕಪಟ್ಟಿಗಳು ತವರಿನ ಟ್ರಂಕಿನಲ್ಲಿವೆ ಮೇಡಂ. ಭಾನುವಾರ ಹೋಗಿ ತರುತ್ತೇನೆ.