ಪದ ಬೇಕು: ಸುಣ್ಣದ ನೀರೋ, ಸುಣ್ಣದ ತಿಳಿಯೋ? ‘ಡೋಸಿಂಗ್’ಗೆ ಏನನ್ನೋಣ?

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ ಬೋರ್ಡು ಪ್ರಿಂಟಿಗೆ ಹೋಗುತ್ತದೆ. ಇವತ್ತೇ ಉತ್ತರ ಸಿಕ್ಕರೆ ಉಪಕಾರ.

ನಮ್ಮ ಪಿಯು ಕಾಲೇಜಿನ ಮಕ್ಕಳು ವಿಜ್ಞಾನ ಪ್ರದರ್ಶನಕ್ಕೆ ಒಂದು ಮಾಡೆಲ್ ಮಾಡಿದ್ದಾರೆ. ಹವಳ ಸಾಕುವ ಉಪ್ಪುನೀರಿನ ತೊಟ್ಟಿಗೆ ಸುಣ್ಣ ಹೇಗೆ ಕೊಡುತ್ತಾರೆ ಅನ್ನೋದು ವಿಷಯ. ಜೀವಂತ ಹವಳ ಇಟ್ಟಿಲ್ಲ. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಹಾಗಾಗಿ ಬಣ್ಣ ಬಳಿದ ಬೊಂಬೆ ಹವಳ. ಉಳಿದದ್ದೆಲ್ಲ ನಿಜವಾದದ್ದೇ. ಮುಚ್ಚಳ ಇರುವ ಕ್ಯಾನಿನಲ್ಲಿ ಆರ್‌ಒ ನೀರು, ಅದಕ್ಕೆ ಅರಳಿದ ಸುಣ್ಣ. ಕಲಕಿ ಕೆಲವು ಗಂಟೆ ಬಿಡಬೇಕು. ಮೇಲೆ ನಿಂತ ನೀರನ್ನು ಮಾತ್ರ ಒಂದು ಪಂಪು ರಾತ್ರಿಯಿಡೀ ನಿಧಾನಕ್ಕೆ ತೊಟ್ಟಿಗೆ ಬಿಡುತ್ತದೆ. ಆವಿಯಾಗಿ ಹೋದ ನೀರೂ ತುಂಬಿತು, ಹವಳಕ್ಕೆ ಬೇಕಾದ ಕ್ಯಾಲ್ಸಿಯಂ, ಕ್ಷಾರ ಎರಡೂ ಸಿಕ್ಕವು. ರಾತ್ರಿಯೇ ಯಾಕೆ ಅಂದರೆ, ಕತ್ತಲಲ್ಲಿ ತೊಟ್ಟಿಯ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ) ಇಳಿಯುತ್ತದೆ, ಸುಣ್ಣ ಅದನ್ನು ಎತ್ತಿ ಹಿಡಿಯುತ್ತದೆ.

ಅಕ್ವೇರಿಯಂ ಸಾಕುವವರು ಈ ನೀರಿಗೆ ‘ಕಾಲ್ಕ್‌ವಾಸರ್’ ಅನ್ನುತ್ತಾರೆ. ನಮ್ಮ ಮುಂದೆ ಮೂರು ಇವೆ: ಸುಣ್ಣದ ನೀರು, ಸುಣ್ಣಜಲ, ಸುಣ್ಣದ ತಿಳಿನೀರು. ಯಾವುದು ಸರಿ? ನೀರು ಬಿಡುವ ಆ ‘ಡೋಸಿಂಗ್ ಪಂಪ್’ಗೆ ಏನು? ನೋಡಲು ಬರುವವರು ಚಿಂಚೋಳಿ, ಸೇಡಂ ಕಡೆಯ ಹೈಸ್ಕೂಲ್ ಮಕ್ಕಳು.

ಬೀದರ್‌ನಿಂದ:

ಸುಣ್ಣಜಲ ಕೈಬಿಡಿ. ಕನ್ನಡ ಮಾತಿಗೆ ಸಂಸ್ಕೃತದ ಮಾತು ಜೋಡಿಸಿದ ಅರಿಸಮಾಸ ಅದು.

ಕಾಲ್ಕ್‌ವಾಸರ್ ಕೂಡ ಬೇಡ. ಜರ್ಮನರು ತಮ್ಮ ಮಾತಿನಲ್ಲಿ ಸುಣ್ಣ, ನೀರು ಎರಡನ್ನೂ ಜೋಡಿಸಿಕೊಂಡಿದ್ದಾರೆ. ಇಂಗ್ಲಿಷಿನವರು ಅದನ್ನು ಹಾಗೇ ಎತ್ತಿಕೊಂಡರು. ನಾವ್ಯಾಕೆ ಅವರ ಕೈಯಿಂದ ತರಬೇಕು? ಡೋಸಿಂಗ್ ಅಂತೂ ಬೇಡವೇ ಬೇಡ. ಊಡು ಅನ್ನುವ ಧಾತು ನಮ್ಮಲ್ಲೇ ಇದೆ. ತಾನು ಉಣ್ಣುವುದು, ಇನ್ನೊಬ್ಬರಿಗೆ ಊಡುವುದು. ಅದಕ್ಕೆ ‘ಉಕ’ ಹಚ್ಚಿದರೆ ಊಡುಕ. ‘ಸುಣ್ಣದೂಡುಕ’ ಅಂತ ಬರೆಯಿರಿ. ಅಚ್ಚಗನ್ನಡ. ಬೋರ್ಡಿನಲ್ಲಿ ಜಾಗವೂ ಉಳಿಯುತ್ತದೆ.

ಯಾದಗಿರಿಯಿಂದ:

ಅಚ್ಚಗನ್ನಡ ಅನ್ನುವ ಮುಂಚೆ ಆ ಸುಣ್ಣವನ್ನೇ ಒಮ್ಮೆ ನೋಡಿ. ಚೂರ್ಣ, ಪ್ರಾಕೃತದಲ್ಲಿ ಚುಣ್ಣ, ನಮ್ಮಲ್ಲಿ ಸುಣ್ಣ. ಮರಾಠಿಯ ಚುನಾ, ಉರ್ದುವಿನ ಚೂನಾ, ತೆಲುಗಿನ ಸುನ್ನಂ ಎಲ್ಲವೂ ಅದೇ ಮನೆಯವು. ಹವಳವೂ ಅಷ್ಟೇ, ಪ್ರವಾಳದಿಂದ ಬಂದದ್ದು. ನಿಮ್ಮ ನೇಮ ಹಿಡಿದು ಹೊರಟರೆ ಬೋರ್ಡಿನಲ್ಲಿ ನೀರು ಒಂದೇ ಉಳಿಯುತ್ತದೆ.

ಡೋಸಿಗೆ ನಮ್ಮ ಕಡೆ ಮೊದಲಿಂದ ಇರುವ ಮಾತು ಖುರಾಕು. ಔಷಧಕ್ಕೂ ಖುರಾಕು, ಗರಡಿಯ ಪೈಲ್ವಾನನಿಗೂ ಖುರಾಕು. ಫಾರಸಿಯಲ್ಲಿ ಖುರ್ದನ್ ಅಂದರೆ ತಿನ್ನುವುದು. ಊಡುಕದ ಅರ್ಥವೂ ಅದೇ ಅಲ್ವಾ? ಜನರ ಬಾಯಲ್ಲಿ ಇರುವುದನ್ನು ಬಿಟ್ಟು ಹೊಸದು ಕಟ್ಟುವುದು ಯಾಕೆ?

ಬೀದರ್‌ನಿಂದ:

ತದ್ಭವ ಬೇರೆ, ಸಾಲ ಬೇರೆ. ಸುಣ್ಣ ನಮ್ಮ ಉಚ್ಚಾರಕ್ಕೆ ಒಗ್ಗಿ ಸಾವಿರ ವರ್ಷದ ಮೇಲಾಯಿತು. ಖುರಾಕನ್ನು ಅದರ ಪಕ್ಕ ಕೂರಿಸಬೇಡಿ.

ಯಾದಗಿರಿಯಿಂದ:

ಎಷ್ಟು ವರ್ಷ ಆದರೆ ಸಾಲ ತೀರುತ್ತದೆ ಅಂತ ಹೇಳಿಬಿಡಿ. ನಮ್ಮ ಕಲಬುರಗಿ, ಬೀದರ್, ಯಾದಗಿರಿ ಸೀಮೆಯೆಲ್ಲ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಅರ್ಜಿ, ಜಮೀನು, ದವಾಖಾನೆ ಇಲ್ಲದೆ ನೀವು ಒಂದು ದಿನ ಮಾತಾಡಿ ತೋರಿಸಿ. ಇಲ್ಲಿನ ಕನ್ನಡ ಅಂದರೆ ಇವೆಲ್ಲ ಸೇರಿದ ಕನ್ನಡ. ಅದನ್ನು ಕಲಬೆರಕೆ ಅನ್ನುವುದು ನನಗೆ ನಿಜವಾಗಲೂ ನೋವು ತರುತ್ತದೆ.

ಸೇಡಂನಿಂದ:

ಈ ಜಗಳ ನಾಳೆಯೂ ಮಾಡಬಹುದು. ಬೋರ್ಡು ನಾಳೆ ಬದಲಾಗಲ್ಲ.

ಮೊದಲು ‘ಸುಣ್ಣದ ನೀರು’ ಅನ್ನೋದನ್ನು ತೆಗೆಯಿರಿ. ನಮ್ಮದು ಸುಣ್ಣದ ಕಲ್ಲಿನ ಸೀಮೆ. ಸೇಡಂ, ವಾಡಿ, ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ನಿಂತಿರುವುದೇ ಆ ಕಲ್ಲಿನ ಮೇಲೆ. ಇಲ್ಲಿನ ಹುಡುಗನಿಗೆ ಸುಣ್ಣದ ನೀರು ಅಂದರೆ ಗೋಡೆಗೆ ಬಳಿಯುವ ಬಿಳಿ ನೀರು. ತೊಟ್ಟಿಗೆ ಹೋಗಬಾರದ್ದು ಅದೇ. ತಳದ ಗಸಿ ಕಲಕಿ ಸುರಿದರೆ ಕರಗದ ಸುಣ್ಣವೆಲ್ಲ ತೊಟ್ಟಿಗೆ ಬೀಳುತ್ತದೆ. ಪಿಎಚ್ ಒಮ್ಮೆಲೇ ಏರುತ್ತದೆ, ನೀರು ಮಂಜು ಕವಿದಂತೆ ಬೆಳ್ಳಗಾಗುತ್ತದೆ, ಮೀನು ಸಾಯುತ್ತವೆ. ತಿಳಿಯಾದ ನೀರೇ ಪಿಎಚ್ 12ರ ಮೇಲಿರುತ್ತದೆ, ಸಮುದ್ರದ ನೀರು 8ರ ಆಸುಪಾಸು. ಅದಕ್ಕೇ ಅಷ್ಟು ನಿಧಾನ.

ಹಾಗಾಗಿ ‘ತಿಳಿ’ ಇರಲೇಬೇಕು. ಅದು ಅಲಂಕಾರಕ್ಕಲ್ಲ, ಎಚ್ಚರಿಕೆಗೆ. ಉಸಿರು ಊದಿದರೆ ಹಾಲಿನಂತಾಗುವ ಪ್ರಯೋಗದಲ್ಲಿ ಮಕ್ಕಳು ಓದಿರುವುದೂ ಸುಣ್ಣದ ತಿಳಿನೀರು ಅಂತಲೇ. ಸಿಕ್ಕಿರುವ ಪದವನ್ನು ಯಾಕೆ ಬಿಡೋದು?

ಪಂಪಿನ ವಿಷಯ. ಊಡುಕ ಓದಿದ ಮಗು ಮೀನಿಗೆ ಮೇವು ಹಾಕುವ ಯಂತ್ರ ಅಂದುಕೊಳ್ಳುತ್ತದೆ. ಖುರಾಕೂ ಅದೇ ದಾರಿ. ಆ ಪಂಪಿನ ಕೆಲಸ ಎರಡು: ಅಳೆಯೋದು, ಹನಿಸೋದು. ಒಳಗೆ ಉರುಳೆಗಳು ರಬ್ಬರ್ ನಳಿಕೆಯನ್ನು ಒತ್ತುತ್ತಾ ಸುತ್ತುತ್ತವೆ, ಒಂದೊಂದು ಸುತ್ತಿಗೆ ಇಷ್ಟೇ ನೀರು. ಹನಿ ನೀರಾವರಿ ಗೊತ್ತಿಲ್ಲದ ಮಗು ನಮ್ಮ ತಾಲೂಕಿನಲ್ಲಿ ಇಲ್ಲ. ‘ಅಳೆದು ಹನಿಸುವ ಪಂಪು’ ಅನ್ನಿ. ಕೆಳಗೆ ಸಣ್ಣಕ್ಷರದಲ್ಲಿ ಡೋಸಿಂಗ್ ಪಂಪ್ ಅಂತಲೂ ಇರಲಿ, ಅಂಗಡಿಯಲ್ಲಿ ಕೇಳಬೇಕಾದ ಹೆಸರು ಅದೇ.

ಇನ್ನೊಂದು. ಲೀಟರಿಗೆ ಎಷ್ಟು ಸುಣ್ಣ ಕರಗುತ್ತದೆ ಅಂತ ಬರೆಯುವುದಾದರೆ ಸುಮಾರು ಒಂದೂವರೆ ಗ್ರಾಂ ಅನ್ನಿ. ಸಕ್ಕರೆ, ಉಪ್ಪು ಬಿಸಿಯಲ್ಲಿ ಜಾಸ್ತಿ ಕರಗುತ್ತವೆ, ಸುಣ್ಣ ಉಲ್ಟಾ. ನೀರು ಬಿಸಿಯಾದಷ್ಟೂ ಕಡಿಮೆ ಕರಗುತ್ತದೆ. ನಮ್ಮ ಮೇ ತಿಂಗಳ ಬಿಸಿಲಿಗೆ ಇದನ್ನು ಹೇಳಲೇಬೇಕು.

ಬೀದರ್‌ನಿಂದ:

ಹನಿಸುವ ಆಗಬಹುದು. ‘ಪಂಪು’ ಒಪ್ಪಲ್ಲ.

ಕಲಬುರಗಿಯಿಂದ:

ಎಲ್ಲರಿಗೂ ಧನ್ಯವಾದ. ಬೋರ್ಡಿಗೆ ಹೋಗುತ್ತಿರುವುದು ಇದು: ‘ಸುಣ್ಣದ ತಿಳಿನೀರು. ಗಸಿ ಕಲಕಬೇಡಿ. ಕೈ, ಕಣ್ಣಿಗೆ ತಾಕಿಸಬೇಡಿ.’ ಪಕ್ಕದಲ್ಲಿ ‘ಅಳೆದು ಹನಿಸುವ ಪಂಪು’. ಪಂಪು ಹಾಗೇ ಇರುತ್ತದೆ, ಕ್ಷಮಿಸಿ. ಹೊಲದಲ್ಲಿ ಅಪ್ಪ ಚಾಲೂ ಮಾಡೋದು ಪಂಪನ್ನೇ. ಬೋರ್ಡು ಓದುವ ಮಗುವಿಗೆ ಅದು ಪರಕೀಯ ಅಲ್ಲ.

ಒಂದು ಉಳಿದಿದೆ. ಕ್ಯಾನಿನ ಮುಚ್ಚಳ ತೆರೆದಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಕಿ ನೀರಿನ ಮೇಲೆ ತೆಳ್ಳಗೆ ಬಿಳಿಯದು ಕಟ್ಟುತ್ತದೆ. ಮಕ್ಕಳು ಅದಕ್ಕೆ ‘ಕೆನೆ’ ಅಂತ ಬರೆದಿದ್ದಾರೆ. ಇರಲಾ?

ಸೇಡಂನಿಂದ:

ಬೇಡ. ಕೆನೆ ಅಂದರೆ ತಿನ್ನೋದು ಅಂತ ಸಣ್ಣ ಮಕ್ಕಳು ಬೆರಳು ಹಾಕುತ್ತಾರೆ. ‘ಸುಣ್ಣದ ಪೊರೆ’ ಅನ್ನಿ.

ಬೀದರ್‌ನಿಂದ:

ಪೊರೆ ಸರಿ.