ಸ್ಟೋರ್ಜ್ ನೋಡ್ ಆನ್‌ಲೈನ್ ಇದೆ, ಡೇಟಾ ಮಾತ್ರ ಬರುತ್ತಿಲ್ಲ

ಪ್ರಶ್ನೆ: 4 ಟಿಬಿ ಡಿಸ್ಕಿನಲ್ಲಿ ಸ್ಟೋರ್ಜ್ ನೋಡ್ (ಸ್ಟೋರ್ಜ್ ಕ್ಲೌಡ್ ಜಾಲಕ್ಕಾಗಿ ಬೇರೆಯವರ ಡೇಟಾ ಇಟ್ಟುಕೊಂಡು ಹಣ ಪಡೆಯುವ ನಮ್ಮ ಕಂಪ್ಯೂಟರ್) ಶುರುವಾಗಿ ಮೂರು ವಾರ. ಡೇಟಾ ಬರುವುದು ತೀರಾ ಕಡಿಮೆ. ಡ್ಯಾಶ್‌ಬೋರ್ಡಿನಲ್ಲಿ ಕ್ವಿಕ್ (QUIC, ಡೇಟಾ ಸಾಗಿಸುವ ಒಂದು ಸಂಪರ್ಕ ವಿಧಾನ) 'ಮಿಸ್‌ಕಾನ್ಫಿಗರ್ಡ್', ಅಂದರೆ ಸೆಟ್ಟಿಂಗ್ ಸರಿಯಿಲ್ಲ ಎಂದಿದೆ. ಇಡೀ ಡಿಸ್ಕನ್ನು ನೋಡ್‌ಗೇ ಕೊಡಬಹುದಾ?

ಉತ್ತರ 1: ಕ್ವಿಕ್ ತೊಂದರೆ ಹೆಚ್ಚಾಗಿ ರೌಟರಿನದು. ನೋಡ್ ಬಳಸುವ 28967 ಪೋರ್ಟನ್ನು ಟಿಸಿಪಿಗೆ ಮಾತ್ರ ತೆರೆದಿರುತ್ತಾರೆ. ಕ್ವಿಕ್ ನಡೆಯುವುದು ಯುಡಿಪಿ ಮೇಲೆ; ಅದಕ್ಕೂ ಫಾರ್ವರ್ಡ್ ಮಾಡಿ, ಫೈರ್‌ವಾಲ್‌ನಲ್ಲೂ ಬಿಡಿ, ನೋಡ್ ರೀಸ್ಟಾರ್ಟ್ ಮಾಡಿ. ಡೇಟಾ ಕಡಿಮೆ ಬರುವುದು ದೋಷವಲ್ಲ: ಪ್ರತಿ ಸ್ಯಾಟಲೈಟ್ (ನೋಡ್‌ಗಳಿಗೆ ಡೇಟಾ ಹಂಚುವುದನ್ನು ನಿರ್ವಹಿಸುವ ಸರ್ವರ್) ಹೊಸ ನೋಡನ್ನು ಆಡಿಟ್ ಮಾಡಿ, ಅಂದರೆ ಇಟ್ಟ ಡೇಟಾ ಸರಿಯಾಗಿದೆಯೇ ಪರೀಕ್ಷಿಸಿ, ನಂಬಿಕೆ ಬಂದ ಮೇಲೇ ಪೂರ್ತಿ ಪಾಲು ಕೊಡುತ್ತದೆ. ಎರಡನೇ ನೋಡ್ ಹಾಕಿ ಪ್ರಯೋಜನವಿಲ್ಲ. ಒಂದೇ /24 ಐಪಿ ಜಾಲದ (ಐಪಿ ವಿಳಾಸದ ಮೊದಲ ಮೂರು ಸಂಖ್ಯೆ ಒಂದೇ ಇರುವ) ನೋಡ್‌ಗಳೆಲ್ಲ ಒಂದೇ ಪಾಲನ್ನು ಹಂಚಿಕೊಳ್ಳುತ್ತವೆ.

ಉತ್ತರ 2: ಇಡೀ ಡಿಸ್ಕ್ ಕೊಡಲೇಬೇಡಿ. ಶೇ. 10 ಖಾಲಿ ಇರಲಿ, ಅಂದರೆ 3.6 ಟಿಬಿ ಸಾಕು. ಡಿಸ್ಕ್ ಎಸ್‌ಎಂಆರ್ (SMR, ಡೇಟಾ ಪಟ್ಟಿಗಳನ್ನು ಒಂದರ ಮೇಲೊಂದು ಭಾಗಶಃ ಬರೆಯುವ) ಬಗೆಯದಾ ನೋಡಿಕೊಳ್ಳಿ; ಅದರಲ್ಲಿ ಬರೆಯುವ ವೇಗ ಕುಸಿದು 'ಡೇಟಾಬೇಸ್ ಈಸ್ ಲಾಕ್ಡ್' ಎಂಬ ದೋಷ ಸಂದೇಶ ಬರುತ್ತದೆ. ಎಲ್ಲಕ್ಕಿಂತ ಮುಖ್ಯ, ನೋಡ್‌ನ ಗುರುತಿನ ಕೀಲಿಗಳಿರುವ ಐಡೆಂಟಿಟಿ ಫೋಲ್ಡರನ್ನು ಇವತ್ತೇ ಬ್ಯಾಕಪ್ ಮಾಡಿ. ಅದು ಹೋದರೆ ಡೇಟಾ ಇದ್ದರೂ ನೋಡ್ ಮುಗಿಯಿತು.

ಉತ್ತರ 3: ಸಂಪಾದನೆಯ ಲೆಕ್ಕವೂ ತಿಳಿದಿರಲಿ. ಮೊದಲ 3 ತಿಂಗಳು ಸಂಪಾದನೆಯ ಶೇ. 75, ಮುಂದಿನ 3ರಲ್ಲಿ ಶೇ. 50, ಆಮೇಲೆ 9ನೇ ತಿಂಗಳವರೆಗೆ ಶೇ. 25 ತಡೆಹಿಡಿಯುತ್ತಾರೆ. 15 ತಿಂಗಳ ನಂತರ ತಡೆಹಿಡಿದದ್ದರಲ್ಲಿ ಅರ್ಧ ವಾಪಸ್. ಉಳಿದದ್ದು ಗ್ರೇಸ್‌ಫುಲ್ ಎಕ್ಸಿಟ್ ಮಾಡಿದರೆ, ಅಂದರೆ ನಿಯಮದಂತೆ ಜಾಲದಿಂದ ಹೊರಬಂದರೆ ಮಾತ್ರ.